ಬೈಟ್ ಸಾಲು ತೆಗೆದೆ, ಬಿಟ್ ನಕ್ಷೆ ಇಟ್ಟೆ: ಬ್ಯಾಡಗಿ ದರದ ಸರ್ವರ್‌ನಲ್ಲಿ ನನ್ನ ಅನುಭವ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್. ದರ ಗೊತ್ತಾದ ಕೂಡಲೇ ದಲಾಲಿ ಅಂಗಡಿಗಳ ಗುಮಾಸ್ತರು ತಂತಮ್ಮ ಲಾಟ್‌ಗಳ (ಒಟ್ಟಿಗೆ ಮಾರುವ ಚೀಲಗಳ ಗುಂಪು) ದರವನ್ನು ಆನ್‌ಲೈನ್‌ಗೆ ಒಟ್ಟಿಗೆ ಏರಿಸುತ್ತಾರೆ (ಅಪ್‌ಲೋಡ್). ಸುಗ್ಗಿಯ ಭರಾಟೆಯ ದಿನ ನನ್ನ ಸರ್ವರ್‌ಗೆ ಹದಿನೈದು ಇಪ್ಪತ್ತು ನಿಮಿಷದೊಳಗೆ 20,000 ಲಾಟ್ ಬಂದು ಬೀಳುತ್ತವೆ. ಅಲ್ಲಿಂದ ಮುಂದೆ ಸುಮಾರು 1,400 ಫೋನ್‌ಗಳಿಗೆ, ಅಂಗಡಿಗಳ ಮುಂದೆ ತೂಗುಹಾಕಿದ 60 ಎಲ್‌ಇಡಿ ಬೋರ್ಡ್‌ಗಳಿಗೆ ಅದೇ ದರ ಹೋಗಬೇಕು. ಇಡೀ ಕೆಲಸ ಒಂದೇ ಥ್ರೆಡ್‌ನಲ್ಲಿ (ಪ್ರೋಗ್ರಾಂ ಒಳಗಿನ ಕೆಲಸದ ಎಳೆ), ಸಿ ಭಾಷೆಯಲ್ಲಿ, ಈಪೋಲ್ (ಯಾವ ಸಂಪರ್ಕ ಓದಲು ಬರೆಯಲು ಸಿದ್ಧ ಎಂದು ತಿಳಿಸುವ ಲಿನಕ್ಸ್ ಸೌಲಭ್ಯ) ಮೇಲೆ ನಡೆಯುತ್ತದೆ. ಯಂತ್ರ 1 ಜಿಬಿ ಮೆಮೊರಿಯ ಬಾಡಿಗೆ ಸರ್ವರ್.

‘1 ಜಿಬಿಯೊಳಗ ಇದು ಆಗೂದಿಲ್ರೀ ಸರ. ಥ್ರೆಡ್ ಹಾಕ್ರಿ, ಇಲ್ಲಾಂದ್ರ ನಡುವ ಸಂದೇಶ ಹಂಚೂ ಒಂದು ಬ್ರೋಕರ್ ಪ್ರೋಗ್ರಾಂ ಇಡ್ರಿ’ ಎಂದು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವ ಮಂದಿ ಹೇಳಿದ್ದರು. ಕಳೆದ ಸೀಜನ್‌ನಲ್ಲಿ ಅದೇ 1 ಜಿಬಿಯಲ್ಲಿ ಓಡಿದೆ. ಟೆಂಡರ್ ದಿನ ಎಷ್ಟೇ ಏರಿದರೂ ಪ್ರೋಗ್ರಾಂ 200 ಎಂಬಿ ದಾಟಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಾನ್‌ಬ್ಲಾಕಿಂಗ್ ಸಾಕೆಟ್ (ಕಾಯಿಸದೆ ಕೂಡಲೇ ಉತ್ತರ ಕೊಡುವ ಸಂಪರ್ಕದ ತುದಿ) ಎಂದರೇನು, ಈಪೋಲ್ ಹೇಗೆ ಕರೆಯಬೇಕು ಎಂಬುದು ಓದುವವರಿಗೆ ಗೊತ್ತಿದೆ ಎಂದೇ ಹಿಡಿದಿದ್ದೇನೆ.

ಮೊದಲ ಆವೃತ್ತಿ ಜಾವಾಸ್ಕ್ರಿಪ್ಟ್‌ನಲ್ಲಿ ಸರ್ವರ್ ಬರೆಯುವ ನೋಡ್‌ನಲ್ಲಿತ್ತು. ಅಲ್ಲಿ ರೈಟ್ ಕರೆದಾಗ ಫಾಲ್ಸ್ ಬಂದರೆ ‘ನಿಲ್ಲಿಸು, ಡ್ರೇನ್ (ಕಾದಿಟ್ಟ ಬೈಟ್ ಖಾಲಿಯಾಯಿತು ಎಂಬ ಸೂಚನೆ) ಬಂದ ಮೇಲೆ ಮುಂದುವರಿಸು’ ಎಂದರ್ಥ. ಆಗಿನ ಆವೃತ್ತಿಯಲ್ಲಿ ಆ ಗಡಿ 16 ಕೆಬಿ. ಆದರೆ ಫಾಲ್ಸ್ ಬಂದರೂ ಬರೆಯುತ್ತ ಹೋಗಲು ಅದು ಬಿಡುತ್ತದೆ, ಎಲ್ಲವನ್ನೂ ಮೆಮೊರಿಯಲ್ಲಿ ಕೂಡಿಸಿಟ್ಟುಕೊಳ್ಳುತ್ತದೆ. ಎಲ್ಲ ಗಿರಾಕಿಗಳಿಗೂ (ದರ ಪಡೆಯುವ ಫೋನ್, ಬೋರ್ಡ್‌ಗಳಿಗೆ) ಒಂದೇ ಲೂಪಿನಲ್ಲಿ ಹಂಚುವಾಗ ಯಾರಿಗಾಗಿ ನಿಲ್ಲಿಸುವುದು? ಒಬ್ಬನಿಗಾಗಿ ನಿಂತರೆ ಉಳಿದ 1,399 ಮಂದಿ ಕಾಯಬೇಕು. ಹಾಗಾಗಿ ನಿಲ್ಲಿಸಲಿಲ್ಲ. ಲೆಕ್ಕ ಹೀಗೆ ಬಿತ್ತು: ಒಂದು ಲಾಟಿನ ಸಾಲು 50 ಬೈಟ್ ಎಂದು ಹಿಡಿದರೂ 20,000 ಲಾಟಿಗೆ 10 ಲಕ್ಷ ಬೈಟ್, ಅಂದರೆ ಹತ್ತಿರ ಹತ್ತಿರ 1 ಎಂಬಿ. 1,400 ಗಿರಾಕಿಗಳಿಗೆ ಬೇರೆ ಬೇರೆ ನಕಲು ಕೂತರೆ 1.4 ಜಿಬಿ. ಅದೂ ಒಂದು ಲಾಟ್ ಒಂದೇ ಸಲ ಬದಲಾದರೆ. ದರ ಬಿದ್ದಾಗ ಒಮ್ಮೆ, ಕಾಟಾ ಆಗಿ ತೂಕ ಬಂದಾಗ ಒಮ್ಮೆ, ಗುಮಾಸ್ತರು ತಪ್ಪು ತಿದ್ದಿದಾಗ ಮತ್ತೊಮ್ಮೆ ಎಂದು ಒಂದು ಲಾಟ್ ಮೂರು ಸಲ ಬದಲಾಗುತ್ತದೆ. ಎಲ್ಲರೂ ನಿಧಾನ ಇರುವುದಿಲ್ಲ ನಿಜ, ಆದರೆ ಕೋಲ್ಡ್ ಸ್ಟೋರೇಜ್ ಗೋಡೆಗಳ ಒಳಗೆ ಮುನ್ನೂರು ಫೋನ್ ಸಿಗ್ನಲ್ ಕಳೆದುಕೊಂಡರೂ 1 ಜಿಬಿ ಯಂತ್ರಕ್ಕೆ ಸಾಕು, ಲಿನಕ್ಸ್‌ನ ತಿರುಳಾದ ಕರ್ನಲ್ ನನ್ನ ಪ್ರೋಗ್ರಾಂ ಅನ್ನೇ ಕೊಲ್ಲುತ್ತದೆ. ಸತ್ತ ಮೇಲೆ 1,400 ಫೋನ್‌ಗಳೂ ಒಮ್ಮೆಲೇ ಹೊಳ್ಳಿ ಬಂದು ಪೂರ್ತಿ ಪಟ್ಟಿ ಕೇಳುತ್ತವೆ, ಮತ್ತೆ ಸಾಯುತ್ತದೆ.

ಆಗ ದುಡ್ಡಿನಿಂದ ಸರಿಪಡಿಸಲು ನೋಡಿದೆ. 1 ಜಿಬಿ ಯಂತ್ರಕ್ಕೆ ತಿಂಗಳಿಗೆ 600 ರೂಪಾಯಿ ಆಸುಪಾಸು ಇತ್ತು. 4 ಜಿಬಿಗೆ ಏರಿಸಿದೆ, 2,400ರ ಹತ್ತಿರ ಹೋಯಿತು. ಐದಾರು ತಿಂಗಳ ಸೀಜನ್ನಿಗೆ ಹತ್ತು ಸಾವಿರ ಹೆಚ್ಚಿಗೆ. ಸಾಯುವುದು ನಿಂತಿತು, ಆದರೆ ಬೇರೆ ರೋಗ ಹತ್ತಿತು: ನಿಧಾನದ ಫೋನ್‌ಗಳಲ್ಲಿ ಇಪ್ಪತ್ತು ನಿಮಿಷದ ಹಿಂದಿನ ದರ ಕಾಣತೊಡಗಿತು. ಸೆಕೆಂಡಿಗೆ 2,500 ಬೈಟ್ ಎಳೆಯುವ ಸಂಪರ್ಕಕ್ಕೆ 3 ಎಂಬಿ ಸಾಲು ಹಚ್ಚಿದರೆ 1,200 ಸೆಕೆಂಡ್ ಬೇಕು, ಅದಕ್ಕೆ ಯಾವ ಮೆಮೊರಿಯೂ ಮದ್ದಲ್ಲ. ಮೆಣಸಿನಕಾಯಿ ವ್ಯಾಪಾರದಲ್ಲಿ ಇಪ್ಪತ್ತು ನಿಮಿಷದ ಹಳೆಯ ದರ ತೋರಿಸುವುದಕ್ಕಿಂತ ಬೋರ್ಡ್ ಖಾಲಿ ಇಡುವುದು ಮೇಲು.

ಸಿ ಭಾಷೆಗೆ ಬಂದ ಮೇಲೆ ಎಲ್ಲರೂ ಮಾಡುವ ಹಾಗೆಯೇ ಪ್ರತಿ ಗಿರಾಕಿಗೆ ಒಂದು ಬೈಟ್ ಸಾಲು (ಕ್ಯೂ) ಕಟ್ಟಿದೆ. ಬರೆಯಲು ನೋಡು, ಅರ್ಧ ಹೋದರೆ ಉಳಿದದ್ದನ್ನು ಸಾಲಿಗೆ ಹಾಕು, ಈಎಗೇನ್ (‘ಈಗ ಜಾಗ ಇಲ್ಲ’ ಎಂಬ ಉತ್ತರ) ಬಂದರೆ ಈಪೋಲ್‌ಔಟ್ (‘ಬರೆಯಲು ಜಾಗ ಆದಾಗ ಹೇಳು’ ಎಂಬ ಕೋರಿಕೆ) ಹಚ್ಚು, ಸಾಲು ಖಾಲಿಯಾದರೆ ಈಪೋಲ್‌ಔಟ್ ತೆಗೆ. ಇದರಲ್ಲಿ ಬಿದ್ದ ಗುಂಡಿಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ಇವು ಯಾವ ವಿಧಾನಕ್ಕೂ ಬರುವಂಥವು.

ಮೊದಲನೆಯದು ಈಪೋಲ್‌ಔಟ್ ತೆಗೆಯಲು ಮರೆಯುವುದು. ಲೆವೆಲ್ ಟ್ರಿಗರ್‌ನಲ್ಲಿ ಸಾಕೆಟ್‌ಗೆ ಜಾಗ ಇರುವಷ್ಟು ಕಾಲ ‘ಬರೆಯಬಹುದು, ಬರೆಯಬಹುದು’ ಎಂದು ಕೂಗುತ್ತಲೇ ಇರುತ್ತದೆ. ಬರೆಯಲು ಏನೂ ಇಲ್ಲದ ಒಂದೇ ಒಂದು ಸಾಕೆಟ್ ಹಾಗೆ ಉಳಿದರೂ ಸಿಪಿಯು ನೂರಕ್ಕೆ ನೂರು. ರಾತ್ರಿ ಮಾರುಕಟ್ಟೆ ಮುಚ್ಚಿದ ಮೇಲೆ ಸಿಪಿಯು ಬಳಕೆ ತೋರಿಸುವ ಟಾಪ್‌ನಲ್ಲಿ ನೂರು ಕಂಡರೆ ಬೇರೆಲ್ಲೂ ಹುಡುಕಬೇಡಿ, ಇದೇ ಇರುತ್ತದೆ.

ಸ್ಥಿತಿ ಬದಲಾದಾಗ ಮಾತ್ರ ಸೂಚನೆ ಬರುವ ಎಡ್ಜ್ ಟ್ರಿಗರ್‌ಗೆ ಹೋದೆ. ಒಮ್ಮೆ ನೋಂದಾಯಿಸಿದರೆ ಸಾಕು, ಹಚ್ಚುವ ತೆಗೆಯುವ ಕರೆಗಳೇ ಇಲ್ಲ ಎಂಬ ಆಸೆ. ಆದರೆ ಅಲ್ಲಿ ಈಎಗೇನ್ ಮುಟ್ಟುವ ತನಕ ಬರೆಯಲೇಬೇಕು. ಚಲೋ ಸಂಪರ್ಕದ ಒಬ್ಬನೇ ಇಡೀ ಲೂಪನ್ನು ನುಂಗಬಾರದೆಂದು ನಾನು ಪ್ರತಿ ಸುತ್ತಿಗೆ ಒಬ್ಬರಿಗೆ 64 ಕೆಬಿ ಎಂದು ಮಿತಿ ಹಾಕಿದ್ದೆ. ಮಿತಿ ಮುಟ್ಟಿ ಕೈ ತೆಗೆದಾಗ ಸಾಕೆಟ್‌ನಲ್ಲಿ ಇನ್ನೂ ಜಾಗ ಇತ್ತು. ಜಾಗ ಇಲ್ಲದ್ದು ಇದ್ದದ್ದಾಗುವ ಆ ಬದಲಾವಣೆ ನಡೆಯಲೇ ಇಲ್ಲ, ಸೂಚನೆಯೂ ಬರಲಿಲ್ಲ. ಫೋನ್ ಅರ್ಧ ಪಟ್ಟಿಗೆ ನಿಂತುಬಿಡುತ್ತಿತ್ತು. ತಮಾಷೆಯ ಮಾತಲ್ಲ, ನಿಧಾನದ ಫೋನ್‌ಗಳು ಸರಿಯಾಗಿದ್ದವು, ವೇಗದವು ನಿಲ್ಲುತ್ತಿದ್ದವು. ಹಾಗಾಗಿ ಕಾರಣ ಹಿಡಿಯಲು ಮೂರು ಟೆಂಡರ್ ದಿನ ಹೋದವು. ಮಿತಿ ಇಡುವುದಾದರೆ ‘ಇನ್ನೂ ಬರೆಯಬಹುದಾದವರು’ ಎಂಬ ಪಟ್ಟಿಯನ್ನು ನೀವೇ ಇಟ್ಟುಕೊಂಡು, ಅದು ಖಾಲಿ ಇಲ್ಲದಾಗ ಈಪೋಲ್ ವೇಟ್‌ಗೆ (ಸೂಚನೆಗಾಗಿ ಕಾಯುವ ಕರೆ) ಸೊನ್ನೆ ಕಾಲಾವಧಿ ಕೊಡಬೇಕು. ನಾನು ಕೊನೆಗೆ ಲೆವೆಲ್ ಟ್ರಿಗರ್‌ಗೇ ಮರಳಿದೆ. ಮೊದಲು ನೇರ ಬರೆದು ನೋಡಿ, ಉಳಿದರೆ ಮಾತ್ರ ಈಪೋಲ್‌ಔಟ್ ಹಚ್ಚುವ ಪದ್ಧತಿಯಲ್ಲಿ ಹಚ್ಚು-ತೆಗೆ ಕರೆಗಳು ಎಷ್ಟೂ ಆಗುವುದಿಲ್ಲ. ಕರ್ನಲ್‌ಗೆ ಹೋಗುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್‌ನ ಎಣಿಕೆಯಲ್ಲಿ ಅವು ಲೆಕ್ಕಕ್ಕೇ ಬರಲಿಲ್ಲ.

ಇನ್ನೊಂದು ಗುಂಡಿ ಭಾಳ ಕೆಟ್ಟದ್ದು. ಹಂಚುವ ಲೂಪ್ ಗಿರಾಕಿಗಳ ಪಟ್ಟಿಯ ಮೇಲೆ ನಡೆಯುತ್ತಿರುತ್ತದೆ, ನಡುವೆ ಒಬ್ಬನಿಗೆ ಬರೆಯುವುದು ವಿಫಲವಾಗುತ್ತದೆ, ಅಲ್ಲೇ ಮುಚ್ಚಿ ಮೆಮೊರಿ ಬಿಡುಗಡೆ ಮಾಡುತ್ತೀರಿ, ಲೂಪ್ ಆ ಸತ್ತ ಕೊಂಡಿಯ ಮೇಲೆಯೇ ಮುಂದಿನ ಹೆಜ್ಜೆ ಇಡುತ್ತದೆ. ಅದನ್ನು ತಪ್ಪಿಸಿದರೂ ಅದೇ ಈಪೋಲ್ ಸುತ್ತಿನಲ್ಲಿ ಆ ಗಿರಾಕಿಯದೇ ಇನ್ನೊಂದು ಸೂಚನೆ ಹಿಂದೆ ಕಾದಿರಬಹುದು. ನಡುವೆ ಹೊಸ ಸಂಪರ್ಕ ಒಪ್ಪಿಕೊಂಡಿದ್ದರೆ ಅದೇ ಫೈಲ್ ಸಂಖ್ಯೆ ಹೊಸಬನಿಗೆ ಹೋಗಿರುತ್ತದೆ, ಹಳಬನ ಸೂಚನೆ ಹೊಸಬನ ತಲೆಗೆ. ಈಗ ಎರಡು ನಿಯಮ ಇಟ್ಟಿದ್ದೇನೆ. ಸಾಯಬೇಕಾದವರನ್ನು ಗುರುತು ಹಾಕಿ ಬದಿಗಿಡುವುದು, ಸುತ್ತಿನ ಕೊನೆಗೆ ಒಟ್ಟಿಗೆ ಮುಚ್ಚುವುದು. ಈಪೋಲ್‌ನ 64 ಬಿಟ್ ಡೇಟಾದಲ್ಲಿ ಅರ್ಧಕ್ಕೆ ಜಾಗದ ಸಂಖ್ಯೆ, ಇನ್ನರ್ಧಕ್ಕೆ ತಲೆಮಾರಿನ ಸಂಖ್ಯೆ (ಆ ಜಾಗಕ್ಕೆ ಹೊಸಬ ಬಂದಾಗಲೆಲ್ಲ ಏರುವ ಎಣಿಕೆ). ತಲೆಮಾರು ಹೊಂದದಿದ್ದರೆ ಆ ಸೂಚನೆ ಬಿಟ್ಟುಬಿಡುವುದು. ಪಾಯಿಂಟರ್ (ಮೆಮೊರಿಯ ವಿಳಾಸ) ಅನ್ನು ನೇರ ಈಪೋಲ್‌ಗೆ ಕೊಡುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ.

ಮುಚ್ಚಿದ ಸಂಪರ್ಕಕ್ಕೆ ಬರೆದರೆ ಪ್ರೋಗ್ರಾಂ ಅನ್ನು ಕೊಲ್ಲುವ ಸಿಗ್‌ಪೈಪ್ ಸಿಗ್ನಲ್ ಎಲ್ಲರಿಗೂ ಗೊತ್ತು, ಬರೆಯುವಾಗ ಎಂಎಸ್‌ಜಿ ನೋಸಿಗ್ನಲ್ ಎಂಬ ಗುರುತು ಹಾಕಿ. ಆದರೆ ಓಪನ್‌ಎಸ್‌ಎಸ್‌ಎಲ್ (ಸಂಪರ್ಕಕ್ಕೆ ಗೂಢಲಿಪಿ ಹಾಕುವ ಲೈಬ್ರರಿ) ಒಳಗಿಂದ ಬರೆಯುವಾಗ ಆ ಗುರುತು ನಿಮ್ಮ ಕೈಯಲ್ಲಿ ಇರುವುದಿಲ್ಲ, ಪ್ರೋಗ್ರಾಂ ಶುರುವಿನಲ್ಲೇ ಸಿಗ್ನಲ್ ಅನ್ನು ಕಡೆಗಣಿಸುವಂತೆ ಮಾಡಬೇಕು.

ಹೀಗೆ ಬೈಟ್ ಸಾಲು ಗಟ್ಟಿಯಾಯಿತು. ಆಮೇಲೆ ಮಿತಿಯ ಪ್ರಶ್ನೆ. ಸಾಲು 256 ಕೆಬಿ ದಾಟಿದರೆ ಸಂಪರ್ಕ ಕಡಿ ಎಂದು ಇಟ್ಟೆ. ಫೋನ್ ಹೊಳ್ಳಿ ಬಂದು ಪೂರ್ತಿ ಪಟ್ಟಿ ಕೇಳಿತು, ಮತ್ತೆ 256 ದಾಟಿತು, ಮತ್ತೆ ಕಡಿ. ಸಿಗ್ನಲ್ ಸುಮಾರಾಗಿರುವ ಜಾಗದ ಫೋನ್‌ಗಳು ಇಡೀ ಟೆಂಡರ್ ಹೊತ್ತು ಇದರಲ್ಲೇ ತಿರುಗಿದವು. ಸಾಲಿನ ಹಳೆಯ ಬೈಟ್‌ಗಳನ್ನು ಎಸೆಯೋಣ ಎಂದರೆ ಒಂದು ಲಾಟಿನ ಅರ್ಧ ಬರಹ ಆಗಲೇ ಹೋಗಿರುತ್ತದೆ, ಎಸೆದ ಲಾಟ್ ಮತ್ತೆ ಯಾವತ್ತೂ ಬರುವುದಿಲ್ಲ.

ಇಲ್ಲಿ ವಿಧಾನ ಬದಲಾಯಿಸಿದೆ. ದರವನ್ನು ಬೈಟ್ ಆಗಿ ಸಾಲಿಗೆ ಹಚ್ಚುವುದನ್ನೇ ನಿಲ್ಲಿಸಿದೆ. ಸರ್ವರ್‌ನಲ್ಲಿ ಎಲ್ಲರಿಗೂ ಸೇರಿ ಒಂದೇ ಲಾಟ್ ಕೋಷ್ಟಕ, ಪ್ರತಿ ಲಾಟಿನ ಇತ್ತೀಚಿನ ಸ್ಥಿತಿ ಮಾತ್ರ ಅದರಲ್ಲಿ, 1 ಎಂಬಿಯಷ್ಟು. ಪ್ರತಿ ಗಿರಾಕಿಗೆ ಒಂದು ಬಿಟ್ ನಕ್ಷೆ: ಈ ಲಾಟ್ ಇವನಿಗೆ ಹೊಸದು, ಹೌದು ಅಥವಾ ಇಲ್ಲ. 20,000 ಬಿಟ್ ಎಂದರೆ 2,500 ಬೈಟ್. 1,400 ಗಿರಾಕಿಗಳಿಗೆ 35 ಲಕ್ಷ ಬೈಟ್, ಅಂದರೆ 3.5 ಎಂಬಿ. ಮೊದಲಿನ 1.4 ಜಿಬಿಯ ಜಾಗದಲ್ಲಿ ಇಷ್ಟೇ. ಲಾಟ್ ಬದಲಾದಾಗ ಕೋಷ್ಟಕ ತಿದ್ದಿ ಎಲ್ಲರ ನಕ್ಷೆಯಲ್ಲಿ ಒಂದು ಬಿಟ್ ಏರಿಸುವುದು, ಅಷ್ಟೇ. ಬೈಟ್ ಹುಟ್ಟುವುದು ಆ ಗಿರಾಕಿಯ ಸಾಕೆಟ್ ‘ಬರೆಯಬಹುದು’ ಎಂದಾಗ ಮಾತ್ರ. ಆಗ ನಕ್ಷೆಯಲ್ಲಿ ಏರಿದ ಬಿಟ್‌ಗಳನ್ನು ಹುಡುಕಿ, ಆ ಕ್ಷಣದ ದರದಿಂದ ಸಾಲು ಬರೆದು, 16 ಕೆಬಿ ತುಂಬುವಷ್ಟು ಕಟ್ಟಿ ಕಳಿಸುತ್ತೇನೆ. ನಿಧಾನದ ಫೋನ್ ಐದು ನಿಮಿಷ ಕಾದರೆ ಅದರ ಬಿಟ್‌ಗಳು ಏರಿ ಕೂತಿರುತ್ತವೆ. ಆ ಐದು ನಿಮಿಷದಲ್ಲಿ ಒಂದು ಲಾಟ್ ಮೂರು ಸಲ ಬದಲಾದರೂ ಹೋಗುವುದು ಕೊನೆಯ ದರ ಒಂದೇ. ಇನ್ನು 2,500 ಬೈಟ್ ವೇಗದವನಿಗೆ ಪೂರ್ತಿ ಪಟ್ಟಿ ಮುಟ್ಟಲು 400 ಸೆಕೆಂಡ್, ಸುಮಾರು ಆರೂಮುಕ್ಕಾಲು ನಿಮಿಷ. ಅದಕ್ಕಿಂತ ಹಿಂದೆ ಬೀಳುವುದು ಸಾಧ್ಯವೇ ಇಲ್ಲ.

ಕೇಳಲು ಸರಳ, ಆದರೆ ಇದರಲ್ಲಿ ನಾಲ್ಕಾರು ಸೂಕ್ಷ್ಮಗಳಿವೆ.

ಬಿಟ್ ಇಳಿಸುವುದು ಯಾವಾಗ? ನಾನು ಮೊದಲು ‘ಕಳಿಸಿ ಆದ ಮೇಲೆ’ ಎಂದು ಬರೆದಿದ್ದೆ. ಅದು ತಪ್ಪು. ಬೈಟ್ ಕಟ್ಟಿ ಆಗಿದೆ, ಅರ್ಧ ಹೋಗಿದೆ, ಈಎಗೇನ್ ಬಂದು ಉಳಿದರ್ಧ ಕಾದಿದೆ. ಈ ನಡುವೆ ದರ ಬದಲಾಗಿ ಬಿಟ್ ಮತ್ತೆ ಏರುತ್ತದೆ, ಆದರೆ ಅದು ಆಗಲೇ ಏರಿಯೇ ಇತ್ತು. ಉಳಿದರ್ಧ ಹೋದ ಮೇಲೆ ಬಿಟ್ ಇಳಿಸಿದರೆ ಹೊಸ ದರವೂ ಅದರ ಜೊತೆ ಮುಳುಗಿತು. ಥ್ರೆಡ್ ಒಂದೇ ಇದ್ದರೂ ಇಂಥ ಪೈಪೋಟಿ ಹುಟ್ಟುತ್ತದೆ. ಬೈಟ್ ಕಟ್ಟುವ ಮುಂಚೆಯೇ ಬಿಟ್ ಇಳಿಸಬೇಕು. ಆಮೇಲೆ ಬಂದ ಬದಲಾವಣೆ ಬಿಟ್ ಅನ್ನು ತಾನೇ ಏರಿಸುತ್ತದೆ, ಆ ಲಾಟ್ ಇನ್ನೊಮ್ಮೆ ಹೋಗುತ್ತದೆ. ಹಾಗೆಯೇ ಒಮ್ಮೆ ಕಟ್ಟಿದ ಬೈಟ್‌ಗಳನ್ನು ಮುಟ್ಟಬಾರದು. ದರ ಬದಲಾಯಿತೆಂದು ಕಾದಿರುವ ಅರ್ಧ ಸಾಲನ್ನು ತಿದ್ದಲು ಹೋದರೆ ಮುಂದಿನ ಅರ್ಧ ಹಳೆಯದು, ಹಿಂದಿನ ಅರ್ಧ ಹೊಸದು. 28,900ರ ಲಾಟ್ 29,100ಕ್ಕೆ ಹೋಗುವಾಗ ಫೋನ್‌ನಲ್ಲಿ 28,100 ಎಂದು ಯಾರೂ ಕೂಗದ ದರ ಕಂಡೀತು.

ಬಿಟ್‌ಗಳನ್ನು ಪ್ರತಿ ಸಲ ಸೊನ್ನೆಯಿಂದ ಹುಡುಕಬಾರದು. ಸೊನ್ನೆಯಿಂದ ಶುರು ಮಾಡಿದರೆ ಮೊದಲ ಸಾವಿರ ಲಾಟ್‌ಗಳು ಬದಲಾಗುತ್ತಲೇ ಇರುವಾಗ ಕೊನೆಯ ಅಂಗಡಿಗಳ ಲಾಟ್‌ಗೆ ಪಾಳಿಯೇ ಬರುವುದಿಲ್ಲ. ಎಲ್ಲಿ ನಿಂತಿತೋ ಅಲ್ಲಿಂದ ಮುಂದೆ, ಸುತ್ತಿ ಬರಬೇಕು. ತನ್ನ ಅಂಗಡಿಯ ಲಾಟ್ ಮೊದಲು ಕಾಣುವಂತೆ ನಾನು ಈ ಸುತ್ತನ್ನು ಹೇಗೆ ಒಡೆದಿದ್ದೇನೆ ಎಂಬುದನ್ನು ಇಲ್ಲಿ ಬಿಚ್ಚುವುದಿಲ್ಲ. ಅಂಗಡಿಯವರು ದುಡ್ಡು ಕೊಡುವುದು ಅದಕ್ಕೇ.

ಹುಡುಕುವಾಗ 64 ಬಿಟ್‌ನ ಪದವನ್ನು ಒಮ್ಮೆಗೆ ನೋಡಿ. ಸೊನ್ನೆಯಾದರೆ ದಾಟಿ, ಇಲ್ಲದಿದ್ದರೆ ಕೆಳಗಿನ ಸೊನ್ನೆಗಳನ್ನು ಎಣಿಸುವ ಕಂಪೈಲರ್ ಒಳಗಿನ ಫಂಕ್ಷನ್ ಕರೆಯಿರಿ. 20,000 ಬಿಟ್ ಎಂದರೆ 313 ಪದ, ಸಿಪಿಯುಗೆ ಅದು ಕೆಲಸವೇ ಅಲ್ಲ.

ಆಮೇಲೆ ಕರ್ನಲ್‌ನ ಒಳಗಿನ ಸಾಲು. ಇದನ್ನು ಮರೆತರೆ ಮೇಲಿನ ಶ್ರಮವೆಲ್ಲ ನೀರಲ್ಲಿ ಹೋಮ. ಲಿನಕ್ಸ್‌ನಲ್ಲಿ ಟಿಸಿಪಿಯ (ಬೈಟ್‌ಗಳನ್ನು ಸಾಲಾಗಿ ಮುಟ್ಟಿಸುವ ಜಾಲದ ನಿಯಮ) ಕಳಿಸುವ ಬಫರ್, ಅಂದರೆ ಬೈಟ್ ಕಾಯುವ ಜಾಗ, 16 ಕೆಬಿಯಿಂದ ಶುರುವಾಗಿ ತಾನೇ ಬೆಳೆಯುತ್ತದೆ, ಸಾಮಾನ್ಯ ಹೊಂದಾಣಿಕೆಯಲ್ಲಿ 4 ಎಂಬಿ ತನಕ. ನೀವು ಎಷ್ಟು ತಡವಾಗಿ ಬೈಟ್ ಕಟ್ಟಿದರೂ ಕರ್ನಲ್ ನೂರಾರು ಕೆಬಿ ಒಳಗೆಳೆದುಕೊಂಡರೆ ಆ ದರಗಳು ಅಲ್ಲೇ ಹಳಸುತ್ತವೆ. ನಾನು ಮೊದಲು ಆ ಬಫರ್‌ನ ಗಾತ್ರ ಇಡುವ ಎಸ್‌ಒ ಸೆಂಡ್‌ಬಫ್ ಕಡಿಮೆ ಮಾಡಿದೆ. ನೀವು ಕೊಟ್ಟದ್ದನ್ನು ಕರ್ನಲ್ ದುಪ್ಪಟ್ಟು ಮಾಡುತ್ತದೆ: 8,192 ಕೊಟ್ಟರೆ ಕೇಳಿದಾಗ 16,384 ಎನ್ನುತ್ತದೆ, ಜೊತೆಗೆ ತಾನೇ ಬೆಳೆಯುವುದನ್ನು ನಿಲ್ಲಿಸುತ್ತದೆ. ಅದರಿಂದ ನಿಧಾನದವರು ಸುಧಾರಿಸಿದರು, ಆದರೆ ಹುಬ್ಬಳ್ಳಿಯಲ್ಲಿ ಫೈಬರ್ ಇಟ್ಟುಕೊಂಡು ಕೂತ ಖರೀದಿದಾರರಿಗೆ ಏಟು ಬಿತ್ತು. ದಾರಿಯಲ್ಲಿರುವ, ಇನ್ನೂ ಮುಟ್ಟಿದ್ದೇನೆ ಎಂಬ ಉತ್ತರ ಬಾರದ ಬೈಟ್‌ಗಳೂ ಅದೇ ಬಫರ್‌ನಲ್ಲಿ ಕೂರುವುದರಿಂದ ವೇಗವೇ ಕುಗ್ಗಿತು.

ಸರಿಯಾದ ಕೀಲಿ ಟಿಸಿಪಿ ನಾಟ್‌ಸೆಂಟ್ ಲೋವಾಟ್. ಲಿನಕ್ಸ್ 3.12ರಿಂದ ಇದೆ, ಆದರೂ ನಮ್ಮ ಮಂದಿ ಬಳಸುವುದು ಕಡಿಮೆ. ಇದು ದಾರಿಯಲ್ಲಿರುವ ಬೈಟ್‌ಗಳನ್ನು ಮುಟ್ಟುವುದಿಲ್ಲ. ಇನ್ನೂ ಹೊರಡದೆ ಕರ್ನಲ್‌ನಲ್ಲಿ ಕೂತ ಬೈಟ್‌ಗಳಿಗೆ ಮಾತ್ರ ಗಡಿ ಹಾಕುತ್ತದೆ. ಗಡಿಗಿಂತ ಕೆಳಗಿದ್ದರೆ ಮಾತ್ರ ಈಪೋಲ್‌ಔಟ್. ಫೋನ್‌ಗಳಿಗೆ 16 ಕೆಬಿ ಇಟ್ಟೆ. 2ಜಿ ಮೋಡೆಮ್ ಇರುವ ಬೋರ್ಡ್‌ಗಳಿಗೆ 2 ಕೆಬಿ, ಮತ್ತು ಅವುಗಳಿಗೆ ಒಮ್ಮೆಗೆ ಕಟ್ಟುವುದೂ 1 ಕೆಬಿ ಮಾತ್ರ. ಕಾರಣ ಲೆಕ್ಕದಲ್ಲೇ ಇದೆ: 2,500 ಬೈಟ್ ವೇಗದಲ್ಲಿ 16 ಕೆಬಿ ಹೋಗಲು ಆರೂವರೆ ಸೆಕೆಂಡ್, ಕರ್ನಲ್‌ನಲ್ಲೊಂದು ನಮ್ಮ ಬಳಿ ಒಂದು ಎಂದರೆ ಹದಿಮೂರು. ಬೋರ್ಡ್ ನೋಡುತ್ತ ನಿಂತ ರೈತನಿಗೆ ಹದಿಮೂರು ಸೆಕೆಂಡ್ ಹೆಚ್ಚೇ.

ಈ ಗಡಿ ಹಾಕದಿದ್ದಾಗಿನ ಇನ್ನೊಂದು ವಿಷಯ, ಬಹಳ ಜನ ತಪ್ಪು ತಿಳಿದದ್ದು: ಈಎಗೇನ್ ಬಂದ ಮೇಲೆ ಒಂದು ಬೈಟ್ ಜಾಗ ಆದ ಕೂಡಲೇ ಈಪೋಲ್‌ಔಟ್ ಬರುವುದಿಲ್ಲ. ಬಫರ್‌ನ ಸುಮಾರು ಮೂರನೇ ಒಂದು ಭಾಗ ಖಾಲಿಯಾದ ಮೇಲೆಯೇ ಲಿನಕ್ಸ್ ಕೂಗುತ್ತದೆ. ‘ಈಪೋಲ್ ತಡ ಮಾಡುತ್ತದೆ’ ಎಂದು ಟೈಮರ್ ಇಟ್ಟು ನಡುನಡುವೆ ಬರೆದು ನೋಡುವವರನ್ನು ಕಂಡಿದ್ದೇನೆ. ಬೇಡ. ಸಣ್ಣ ಸಣ್ಣ ತುಣುಕು ಹೋಗಿ ಕರೆಗಳ ಸಂಖ್ಯೆ ಏರುತ್ತದೆ, ಲಾಭ ಏನೂ ಇಲ್ಲ.

ಎಲ್ಲವೂ ಬಿಟ್ ನಕ್ಷೆಗೆ ಹೊಂದುವುದಿಲ್ಲ. ದರ ಒಂದು ಸ್ಥಿತಿ, ಹೊಸದು ಬಂದರೆ ಹಳೆಯದು ಬೇಡ. ರೈತ ದರ ಒಪ್ಪದೆ ಮಾರಾಟ ರದ್ದು ಮಾಡಿದರೆ ಅದೂ ಲಾಟಿನ ಸ್ಥಿತಿಯೇ. ಆದರೆ ಕಾಟಾ ಚೀಟಿಗಳು, ಗುಮಾಸ್ತರಿಗೆ ಕಳಿಸುವ ಸೂಚನೆಗಳು ಒಂದೊಂದೂ ಮುಟ್ಟಬೇಕು, ಸಾಲಾಗಿ ಮುಟ್ಟಬೇಕು. ಅವಕ್ಕೆ ಮಾತ್ರ ಹಳೆಯ ಬೈಟ್ ಸಾಲು ಉಳಿಸಿದೆ, ಒಬ್ಬರಿಗೆ 64 ಕೆಬಿ ಮಿತಿ. ಮಿತಿ ದಾಟಿದರೆ ಸಂಪರ್ಕ ಕಡಿದು, ಹೊಳ್ಳಿ ಬಂದಾಗ ಫೋನ್ ತಾನು ಕಂಡ ಕೊನೆಯ ಕ್ರಮಸಂಖ್ಯೆ ಹೇಳುತ್ತದೆ, ಅಲ್ಲಿಂದ ಮುಂದೆ ಡಿಸ್ಕ್‌ನಿಂದ ಓದಿ ಕೊಡುತ್ತೇನೆ. ಬರೆಯುವ ಪಾಳಿಯಲ್ಲಿ ಈ ಸಾಲಿಗೆ ಮೊದಲ ಹಕ್ಕು, ಉಳಿದ ಜಾಗಕ್ಕೆ ಬಿಟ್ ನಕ್ಷೆ. ಎರಡೂ ಒಂದೇ ಸಾಕೆಟ್‌ನಲ್ಲಿ ಹೋಗುವುದರಿಂದ ಒಂದು ಚೀಟಿಯ ಅಥವಾ ಲಾಟಿನ ಬರಹ ಪೂರ್ತಿ ಮುಗಿಯುವ ಗಡಿಯಲ್ಲೇ ಬದಲಿಸಬೇಕು, ನಡುವೆ ಅಲ್ಲ.

ಬರೆಯುವ ಹೊತ್ತಿನ ಬಗ್ಗೆ. ಹಳೆಯ ಆವೃತ್ತಿ ಪ್ರತಿ ಲಾಟ್ ಬದಲಾದಾಗಲೂ 1,400 ಸಲ ಬರೆಯುತ್ತಿತ್ತು. ಈಗ ಲಾಟ್ ಬಂದಾಗ ಬಿಟ್ ಮಾತ್ರ ಏರುತ್ತದೆ, ಗಿರಾಕಿ ‘ಕೊಡಬೇಕಾದವರ’ ಪಟ್ಟಿಗೆ ಸೇರುತ್ತಾನೆ. ಆ ಸುತ್ತಿನ ಎಲ್ಲ ಸೂಚನೆಗಳೂ ಮುಗಿದ ಮೇಲೆ, ಈಪೋಲ್ ವೇಟ್‌ಗೆ ಹೋಗುವ ಮುಂಚೆ, ಒಬ್ಬೊಬ್ಬರಿಗೆ ಒಂದೇ ಬರಹ. ಒಂದು ಅಂಗಡಿ 300 ಲಾಟ್ ಒಟ್ಟಿಗೆ ಏರಿಸಿದರೆ 300 ಬಾರಿ ಬರೆಯುವಲ್ಲಿ ಒಂದು ಬಾರಿ. ಎಸ್‌ಟ್ರೇಸ್ ಹಚ್ಚಿ ಎಣಿಸಿದಾಗ ಒಂದು ಟೆಂಡರ್ ಹೊತ್ತಿನ ಬರಹದ ಕರೆಗಳು ಕೋಟಿಗಳಿಂದ ಲಕ್ಷಗಳಿಗೆ ಇಳಿದಿದ್ದವು. ಹೀಗೆ ನಾವೇ ಒಟ್ಟುಗೂಡಿಸುವುದರಿಂದ ಸಣ್ಣ ತುಣುಕನ್ನೂ ತಡೆಯದೆ ಕಳಿಸುವ ಟಿಸಿಪಿ ನೋಡಿಲೇ ಹಾಕಬಹುದು, ಹಾಕಲೇಬೇಕು. ಅದನ್ನು ಹಾಕದೆ ಮೊದಲು ತಲೆಬರಹ ಒಂದು ಬರಹ, ಒಡಲು ಇನ್ನೊಂದು ಬರಹ ಎಂದು ಕಳಿಸುವವರಿಗೆ 40 ಮಿಲಿಸೆಕೆಂಡ್ ನಿಲ್ಲುವ ರೋಗ ಬರುತ್ತದೆ: ಈ ಕಡೆ ನೇಗಲ್ (ಸಣ್ಣ ತುಣುಕುಗಳನ್ನು ಕೂಡಿಸಲು ತಡೆಯುವ ಟಿಸಿಪಿ ಪದ್ಧತಿ) ಉತ್ತರಕ್ಕೆ ಕಾಯುತ್ತದೆ, ಆ ಕಡೆ ಉತ್ತರ ಕೊಡುವುದನ್ನು ತಡ ಮಾಡುತ್ತದೆ. ಹಲವು ತುಣುಕುಗಳನ್ನು ಒಂದೇ ಕರೆಯಲ್ಲಿ ಬರೆಯುವ ರೈಟ್‌ವಿ ಬಳಸಿ ಅಥವಾ ಒಂದೇ ಬಫರ್‌ಗೆ ಕಟ್ಟಿ.

16 ಕೆಬಿ ಕಟ್ಟುವ ಬಫರ್ ಪ್ರತಿ ಗಿರಾಕಿಗೂ ಬೇಕಿಲ್ಲ. ಎಲ್ಲರಿಗೂ ಸೇರಿ ಒಂದೇ ಗೀಚು ಬಫರ್ (ತಾತ್ಕಾಲಿಕ ಕೆಲಸದ ಜಾಗ) ಇದೆ. ಅಲ್ಲಿ ಕಟ್ಟಿ, ಬರೆದು, ಉಳಿದರೆ ಮಾತ್ರ ಆ ಗಿರಾಕಿಗೆ ಮೆಮೊರಿ ತುಣುಕುಗಳ ಕೊಳದಿಂದ ಒಂದು ತುಣುಕು ಕೊಟ್ಟು ನಕಲು ಮಾಡುತ್ತೇನೆ. ಎಲ್ಲರೂ ಒಟ್ಟಿಗೆ ನಿಂತರೂ 23 ಎಂಬಿ. ಆದರೆ ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಇದ್ದಾಗ ಇಲ್ಲಿ ಎಡವುತ್ತೀರಿ. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಬರೆಯಲಾಗದೆ ಹಿಂದಿರುಗಿದ ಮೇಲೆ ಅದೇ ವಿಳಾಸದ ಅದೇ ಬಫರ್ ಕೊಡಬೇಕು ಎಂಬುದು ಮೂಲ ನಿಯಮ. ಗೀಚು ಬಫರ್‌ನಿಂದ ತುಣುಕಿಗೆ ನಕಲು ಮಾಡಿದೊಡನೆ ವಿಳಾಸ ಬದಲಾಯಿತು, ‘ಬ್ಯಾಡ್ ರೈಟ್ ರೀಟ್ರೈ’ ಎಂಬ ದೋಷ ಬಂದು ಸಂಪರ್ಕ ಹರಿಯಿತು. ಬಫರ್ ಜಾಗ ಬದಲಿಸಬಹುದು ಎಂಬ ಮೋಡ್ ಮತ್ತು ಅರ್ಧ ಬರೆಯಬಹುದು ಎಂಬ ಮೋಡ್ ಎರಡನ್ನೂ ಶುರುವಿನಲ್ಲೇ ಹಾಕಿ. ಒಳಗಿನ ಬೈಟ್‌ಗಳಂತೂ ಅವೇ ಇರಬೇಕು; ಕಟ್ಟಿದ್ದನ್ನು ಮುಟ್ಟಬಾರದು ಎಂಬ ನಿಯಮ ಇದ್ದದ್ದರಿಂದ ನನಗೆ ಆ ತೊಂದರೆ ಬರಲಿಲ್ಲ. ಟಿಎಲ್‌ಎಸ್‌ನ ಒಂದು ದಾಖಲೆಯಲ್ಲಿ ಹೆಚ್ಚೆಂದರೆ 16,384 ಬೈಟ್ ಹಿಡಿಯುತ್ತದೆ, ನಾನು 16 ಕೆಬಿ ಎಂದು ಆರಿಸಿದ್ದು ಅದಕ್ಕೇ. ಕೆಲಸವಿಲ್ಲದ ಸಂಪರ್ಕದ ಬಫರ್‌ಗಳನ್ನು ಬಿಡುಗಡೆ ಮಾಡುವ ಮೋಡ್ ಕೂಡ ಇದೆ, ಒಂದೊಂದು ಸಂಪರ್ಕಕ್ಕೆ 34 ಕೆಬಿಯಷ್ಟು ಉಳಿಯುತ್ತದೆ. 1 ಜಿಬಿ ಯಂತ್ರದಲ್ಲಿ ಅದನ್ನು ಬಿಡಬಾರದು. ಮತ್ತೆ ಬರೆಯುವ ಕರೆ ‘ಮೊದಲು ಓದಬೇಕು’ ಎಂದೂ ಹೇಳಬಹುದು. ಆಗ ಈಪೋಲ್‌ಔಟ್ ಹಚ್ಚಿದರೆ ಸಿಪಿಯು ಸುಮ್ಮನೆ ತಿರುಗುತ್ತದೆ, ಈಪೋಲ್‌ಇನ್ (ಓದಲು ಬೈಟ್ ಬಂದಿದೆ ಎಂಬ ಸೂಚನೆ) ಬಂದಾಗ ಬರಹವನ್ನು ಮತ್ತೆ ಮಾಡಬೇಕು.

ಕನ್ನಡ ಅಕ್ಷರಗಳ ವಿಷಯ ಇಲ್ಲಿ ಹೇಳದೆ ಬಿಡಲಾಗದು. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೆ 3 ಬೈಟ್. ‘ಬ್ಯಾಡಗಿ ಡಬ್ಬಿ’ ಎಂದು ಬರೆದರೆ ಬ್ಯಾಡಗಿಗೆ 21, ನಡುವಿನ ಖಾಲಿಗೆ 1, ಡಬ್ಬಿಗೆ 15, ಒಟ್ಟು 37 ಬೈಟ್. ತಳಿಯ ಹೆಸರು, ಅಂಗಡಿಯ ಹೆಸರು ಎಲ್ಲ ಸೇರಿ ಮೊದಲಿಗೆ ನನ್ನ ಸಾಲು 110 ಬೈಟ್ ದಾಟುತ್ತಿತ್ತು. ಈಗ ಕಡ್ಡಿಗೆ 1, ಡಬ್ಬಿಗೆ 2, ಗುಂಟೂರಿಗೆ 3 ಎಂದು ಸಂಖ್ಯೆ ಹೋಗುತ್ತದೆ, ಹೆಸರಿನ ಪಟ್ಟಿ ಫೋನ್‌ನಲ್ಲೇ ಇದೆ. ಮೇಲೆ ಹೇಳಿದ 50 ಬೈಟ್ ಈ ಇಳಿಸಿದ ಲೆಕ್ಕ. ರೈತರ ಹೆಸರು ಮಾತ್ರ ಕನ್ನಡದಲ್ಲಿ ಹೋಗಲೇಬೇಕಾದ ಕಾಟಾ ಚೀಟಿಗಳಲ್ಲಿ ಇನ್ನೊಂದು ಆಟ ಕಂಡಿತು: ಅರ್ಧ ಬರಹ ಅಕ್ಷರದ ನಡುವೆಯೇ ಮುರಿಯುತ್ತದೆ, ಎರಡು ಬೈಟ್ ಈಗ, ಮೂರನೆಯದು ಆಮೇಲೆ. ಫೋನ್ ಕಡೆಯ ಪ್ರೋಗ್ರಾಂ ಬಂದ ತುಣುಕನ್ನು ಬಂದಹಾಗೇ ಅಕ್ಷರಕ್ಕೆ ತಿರುಗಿಸಿದರೆ ಹೆಸರಿನ ನಡುವೆ ಪ್ರಶ್ನೆಯ ಚೌಕ ಬೀಳುತ್ತದೆ. ಇದನ್ನು ಸರ್ವರ್‌ನಲ್ಲಿ ಸರಿಪಡಿಸಲು ಬರುವುದಿಲ್ಲ. ಓದುವ ಕಡೆ ಸಾಲಿನ ಕೊನೆ ಸಿಗುವ ತನಕ ಬೈಟ್ ಆಗಿಯೇ ಕೂಡಿಸಿ, ಆಮೇಲೆ ತಿರುಗಿಸಬೇಕು.

ಸತ್ತ ಸಂಪರ್ಕಗಳು. ಫೋನ್ ಕೋಲ್ಡ್ ಸ್ಟೋರೇಜ್ ಒಳಗೆ ಹೋಯಿತು, ಉತ್ತರ ಇಲ್ಲ. ಲಿನಕ್ಸ್ ತಾನಾಗಿ ಕೈಬಿಡಲು 15 ಸಲ ಮತ್ತೆ ಕಳಿಸಿ ನೋಡುತ್ತದೆ, ಕಾಲು ಗಂಟೆಯ ಮೇಲೆ. ಟಿಸಿಪಿ ಯೂಸರ್ ಟೈಮ್‌ಔಟ್ 45,000 ಮಿಲಿಸೆಕೆಂಡ್ ಇಟ್ಟೆ. ಅದಲ್ಲದೆ ಜೀವ ಇದ್ದೂ ಓದದ ಗಿರಾಕಿ ಬೇರೆ; ಅವನಿಗಾಗಿ ನನ್ನದೇ ಟೈಮರ್ ಇದೆ: ಬೈಟ್ ಕಾದಿದೆ, 60 ಸೆಕೆಂಡಿನಲ್ಲಿ ಒಂದೂ ಕದಲಲಿಲ್ಲ ಎಂದರೆ ಕಡಿ. ಬಿಟ್ ನಕ್ಷೆ ಇರುವುದರಿಂದ ಮೆಮೊರಿಯ ಭಯ ಇಲ್ಲ, ಫೋನ್‌ಗೆ ತಾನು ಸತ್ತಿದ್ದೇನೆಂದು ಗೊತ್ತಾಗಿ ಹೊಸ ಸಂಪರ್ಕ ಮಾಡಲಿ ಎಂದು ಮಾತ್ರ.

ಮುಚ್ಚುವುದರಲ್ಲೂ ಬೈಟ್ ಕಳೆಯುತ್ತವೆ. ಸಂಜೆ ಬೋರ್ಡ್‌ಗಳಿಗೆ ಅಂದಿನ ಗರಿಷ್ಠ ಕನಿಷ್ಠ ದರ ಕಳಿಸಿ ಮುಚ್ಚುತ್ತಿದ್ದೆ, ಕೆಲವು ಬೋರ್ಡ್‌ಗೆ ಅದು ಮುಟ್ಟುತ್ತಲೇ ಇರಲಿಲ್ಲ. ಬೋರ್ಡ್ ಕಳಿಸಿದ ‘ಇದ್ದೇನೆ’ ಎಂಬ ಸಂದೇಶವನ್ನು ನಾನು ಓದದೆ ಕ್ಲೋಸ್ ಕರೆದದ್ದೇ ಕಾರಣ. ಓದದ ಬೈಟ್ ಉಳಿದಿರುವಾಗ ಮುಚ್ಚಿದರೆ ಲಿನಕ್ಸ್ ನೇರ ರೀಸೆಟ್ (ಸಂಪರ್ಕ ತಕ್ಷಣ ಕಡಿ ಎಂಬ ಸಂದೇಶ) ಕಳಿಸುತ್ತದೆ, ಆ ಕಡೆ ಬಂದು ಕೂತ ಬೈಟ್‌ಗಳೂ ಹಾಳು. ಈಗ ನಮ್ಮ ಸಾಲು ಖಾಲಿಯಾದ ಮೇಲೆ ಬರೆಯುವ ಬದಿ ಮಾತ್ರ ಶಟ್‌ಡೌನ್, ಆ ಕಡೆಯಿಂದ ಸೊನ್ನೆ (ಮುಗಿಯಿತು ಎಂಬ ಗುರುತು) ಬರುವ ತನಕ ಓದಿ ಎಸೆಯುವುದು, 10 ಸೆಕೆಂಡ್ ಗಡುವು, ಆಮೇಲೆ ಕ್ಲೋಸ್.

ಲಾಗ್ ಬರೆಯುವುದು ಕೂಡ ಔಟ್‌ಪುಟ್ಟೇ ಎಂಬುದು ತಡವಾಗಿ ಹೊಳೆಯಿತು. ಪ್ರಿಂಟ್‌ಎಫ್ ಬರೆದ ಲಾಗ್ ಹೊರಡುವುದು ಒಂದು ಪೈಪ್‌ಗೆ (ಎರಡು ಪ್ರೋಗ್ರಾಂಗಳ ನಡುವಿನ ಕೊಳವೆ), ಅದನ್ನು ಇನ್ನೊಂದು ಪ್ರೋಗ್ರಾಂ ಓದಿ ಫೈಲಿಗೆ ಹಾಕುತ್ತಿತ್ತು. ಪೈಪ್ ಹಿಡಿಯುವುದು 65,536 ಬೈಟ್. ಬಾಡಿಗೆ ಯಂತ್ರದ ಡಿಸ್ಕ್ ನಿಂತಾಗ ಪೈಪ್ ತುಂಬುತ್ತದೆ, ಪ್ರಿಂಟ್‌ಎಫ್ ಮಲಗುತ್ತದೆ, ಅದರ ಜೊತೆ ಇಡೀ ಲೂಪ್ ಮಲಗುತ್ತದೆ. ಸ್ಟ್ಯಾಂಡರ್ಡ್ ಔಟ್‌ಪುಟ್ ಅನ್ನು ನಾನ್‌ಬ್ಲಾಕಿಂಗ್ ಮಾಡಿ ನೋಡಿದೆ. ಆ ಗುರುತು ಅದೇ ಪೈಪ್ ಹಂಚಿಕೊಂಡ ಬೇರೆ ಪ್ರೋಗ್ರಾಂಗಳಿಗೂ ತಗಲುತ್ತದೆ, ಪ್ರಿಂಟ್‌ಎಫ್‌ಗೆ ಈಎಗೇನ್ ಬಂದರೆ ಸಾಲಿನ ತುಂಡು ಮಾಯ. ನೇರ ಫೈಲನ್ನು ಈಪೋಲ್‌ಗೆ ಹಾಕಲು ಹೋದರೆ ಈಪರ್ಮ್ (ಅನುಮತಿ ಇಲ್ಲ) ಎಂದು ತಳ್ಳುತ್ತದೆ, ಸಾಮಾನ್ಯ ಫೈಲಿಗೆ ಈಪೋಲ್ ಇಲ್ಲ. ಕೊನೆಗೆ 256 ಕೆಬಿಯ ಒಂದು ಉಂಗುರ ಬಫರ್, ಅದನ್ನು ಫೈಲಿಗೆ ಬರೆಯಲು ಒಂದು ಪ್ರತ್ಯೇಕ ಥ್ರೆಡ್. ಉಂಗುರ ತುಂಬಿದರೆ ಎಸೆಯುವುದು, ಎಷ್ಟು ಎಸೆದೆ ಎಂಬ ಎಣಿಕೆಯನ್ನು ಮುಂದಿನ ಸಾಲಿನಲ್ಲಿ ಬರೆಯುವುದು. ಇಡೀ ಸರ್ವರ್‌ನಲ್ಲಿ ನಾನು ಒಪ್ಪಿದ ಎರಡನೆಯ ಥ್ರೆಡ್ ಇದೊಂದೇ.

ಬಿಟ್ ನಕ್ಷೆಯನ್ನೂ ತೆಗೆಯಬಹುದೇ ಎಂದು ಒಂದು ಪ್ರಯೋಗ ಮಾಡಿದೆ. ಲಾಟ್‌ಗಳನ್ನು ಬದಲಾದ ಕ್ರಮದಲ್ಲಿ ಒಂದೇ ಕೊಂಡಿ ಪಟ್ಟಿಯಲ್ಲಿಟ್ಟು, ಬದಲಾದದ್ದನ್ನು ಬಾಲಕ್ಕೆ ಸರಿಸಿ, ಪ್ರತಿ ಗಿರಾಕಿಗೆ ‘ಇಲ್ಲಿಯ ತನಕ ಕಂಡೆ’ ಎಂಬ 8 ಬೈಟ್‌ನ ಒಂದು ಸಂಖ್ಯೆ. ಮೆಮೊರಿ ಇನ್ನೂ ಇಳಿಯಿತು. ಆದರೆ ಒಂದು ಲಾಟ್ ಮತ್ತೆ ಮತ್ತೆ ಬದಲಾಗುತ್ತಿದ್ದರೆ ಅದು ಬಾಲದಲ್ಲೇ ಓಡುತ್ತಿರುತ್ತದೆ, ನಿಧಾನದ ಗಿರಾಕಿಗೆ ಅದು ಸಿಗುವುದೇ ಇಲ್ಲ. ಹೆಚ್ಚು ಮಂದಿ ಕಾಯುವ ಲಾಟ್‌ಗಳು ಇಂಥವೇ. ಒಂದೇ ಅಂಗಡಿಯ ಲಾಟ್ ಬೇಕಾದ ಬೋರ್ಡ್ ಕೂಡ ಇಡೀ ಪಟ್ಟಿ ದಾಟಬೇಕು. ಬಿಟ್ ನಕ್ಷೆಗೆ ಮರಳಿದೆ.

ಸೀರಿಯಲ್ ಕೇಬಲ್‌ನ ಬೋರ್ಡ್‌ಗಳಲ್ಲಿ ಇದೇ ವಿಧಾನ ಇನ್ನೂ ಚೊಕ್ಕವಾಗಿ ಕೂತಿತು. ಒಂದೇ ಸಾಲಿನ ಅಂಗಡಿಗಳಿಗೆ ಒಂದು ಸಣ್ಣ ರಾಸ್ಪ್‌ಬೆರಿ ಪೈ ಕಂಪ್ಯೂಟರ್, ಅಲ್ಲಿಂದ ಬೋರ್ಡ್‌ಗಳಿಗೆ ಆರ್‌ಎಸ್-485 ತಂತಿ. 9,600 ಬಾಡ್‌ನಲ್ಲಿ (ಸೆಕೆಂಡಿಗೆ 9,600 ಬಿಟ್, ಒಂದು ಬೈಟ್‌ಗೆ 10 ಬಿಟ್) ಸೆಕೆಂಡಿಗೆ 960 ಬೈಟ್. 8 ಸಾಲು 32 ಅಕ್ಷರದ ಒಂದು ಪರದೆಗೆ 256 ಬೈಟ್, ಕಾಲು ಸೆಕೆಂಡಿನ ಮೇಲೆ ಚೂರು. ಆ ತಂತಿಯ ಟಿಟಿವೈ ಸಾಧನವನ್ನು ಈಪೋಲ್‌ಗೆ ಹಾಕಲು ಬರುತ್ತದೆ. ಟಿಸಿಡ್ರೇನ್ ಕರೆಯಬೇಡಿ, ಅದು ಬೈಟ್ ಹೋಗುವ ತನಕ ಲೂಪನ್ನೇ ಹಿಡಿಯುತ್ತದೆ. ಕರ್ನಲ್‌ನಲ್ಲಿ ಎಷ್ಟು ಬೈಟ್ ಉಳಿದಿದೆ ಎಂದು ಟಿಐಒಸಿ ಔಟ್‌ಕ್ಯೂ ಮೂಲಕ ಕೇಳಿ, 256ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಮುಂದಿನ ಪರದೆ ಕಟ್ಟಿದರೆ ಬೋರ್ಡ್ ಯಾವಾಗಲೂ ಒಂದೇ ಪರದೆ ಹಿಂದೆ. ಮೋಡೆಮ್ ಮತ್ತು ಸಿಮ್‌ನ ತಿಂಗಳ ಖರ್ಚು ಬೋರ್ಡ್ ಒಂದಕ್ಕೆ 150 ರೂಪಾಯಿಯಷ್ಟು ಇತ್ತು, ತಂತಿಗೆ ಬಂದ ಬೋರ್ಡ್‌ಗಳಲ್ಲಿ ಅದು ಪೂರ್ತಿ ಉಳಿಯಿತು.

ಪರೀಕ್ಷೆ ಮಾಡುವವರಿಗೆ: ಲೂಪ್‌ಬ್ಯಾಕ್‌ನಲ್ಲಿ (ಅದೇ ಯಂತ್ರದೊಳಗಿನ ಸಂಪರ್ಕ) ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ನಾನು ಎರಡನೆಯ ಯಂತ್ರದಿಂದ 1,500 ಸಂಪರ್ಕ ಮಾಡಿ, ಕೆಟ್ಟ ಜಾಲವನ್ನು ಅನುಕರಿಸುವ ಟಿಸಿ ನೆಟೆಮ್‌ನಲ್ಲಿ 800 ಮಿಲಿಸೆಕೆಂಡ್ ತಡ, ನೂರಕ್ಕೆ 3 ನಷ್ಟ, 20 ಕಿಲೋಬಿಟ್ ವೇಗ ಹಾಕುತ್ತೇನೆ. ಗಿರಾಕಿ ಪ್ರೋಗ್ರಾಂಗಳ ಪೈಕಿ ಮೂರನೇ ಒಂದಕ್ಕೆ ಕಿಲ್ ಸ್ಟಾಪ್ ಕೊಟ್ಟು ಹೆಪ್ಪುಗಟ್ಟಿಸಿ, ಹತ್ತು ನಿಮಿಷ 20,000 ಲಾಟ್‌ಗಳನ್ನು ಅದಲು ಬದಲು ಮಾಡಿ, ಆಮೇಲೆ ಕಂಟಿನ್ಯೂ. ಎದ್ದ ಪ್ರತಿ ಗಿರಾಕಿಯ ಕೊನೆಯ ಕೋಷ್ಟಕ ಸರ್ವರ್‌ನ ಕೋಷ್ಟಕಕ್ಕೆ ಬೈಟ್ ಬೈಟ್ ಹೊಂದಬೇಕು. ಬಿಟ್ ಇಳಿಸುವ ಕ್ರಮದ ಆ ತಪ್ಪು ಸಿಕ್ಕಿದ್ದು ಈ ಹೋಲಿಕೆಯಲ್ಲೇ, ಸುಮಾರು ಎಂಟು ಸಾವಿರ ಲಾಟಿಗೆ ಒಂದು ತಪ್ಪಿದ ದರ. ಮಾರುಕಟ್ಟೆಯಲ್ಲಿ ಅದನ್ನು ಕಣ್ಣಿನಿಂದ ಹಿಡಿಯುವುದು ಆಗುತ್ತಿರಲಿಲ್ಲ.

ಸೀಜನ್ನಿನ ನಡುವೆ 4 ಜಿಬಿ ಯಂತ್ರ ಬಿಟ್ಟು 1 ಜಿಬಿಗೆ ಇಳಿದೆ. ಹೊಸ ಯಂತ್ರಕ್ಕೆ ದಾಟುವಾಗ ಬೋರ್ಡ್‌ಗಳನ್ನು ಮೊದಲು ಸರಿಸಿ, ಗುರುವಾರದ ಟೆಂಡರ್ ಒಂದನ್ನು ನೋಡಿ, ಫೋನ್‌ಗಳನ್ನು ಭಾನುವಾರ ರಾತ್ರಿ ಸರಿಸಿದೆ. ಸೋಮವಾರ ಅಷ್ಟೂ ಸಂಪರ್ಕ ಒಮ್ಮೆಲೇ ಹೊಳ್ಳಿ ಬಂದಾಗ ಎಲ್ಲರ ನಕ್ಷೆಯಲ್ಲಿ ಎಲ್ಲ ಬಿಟ್ ಏರಿದ್ದವು, ಪ್ರೋಗ್ರಾಂ 190 ಎಂಬಿಗೆ ನಿಂತಿತು.